ನಾಲ್ಕು ಚಿಪ್, ಒಂದು ಟೋಪಿ

ಚಿಪ್ ಬಂದದ್ದು ನಾಲ್ಕೇ ನಾಲ್ಕು. ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಅಂಟಂಟಾದ ಹಾಸಿನ ಮೇಲೆ, ಒಂದೊಂದೂ ತೊಗರಿಕಾಳಿನಷ್ಟು. ಅವುಗಳಿಗಾಗಿ ನಮ್ಮ ಲ್ಯಾಬಿನ ಮೇಡಂ ಒಂದು ವರ್ಷದ ಮೇಲೆ ಕಾದಿದ್ದರು. ಮತ್ತೆ ಬೇಕೆಂದರೆ ಮತ್ತೊಂದು ವರ್ಷ ಬೇಕು, ಅಷ್ಟರಲ್ಲಿ ಅವರ ಸಂಶೋಧನೆಯ ಗಡುವೇ ಮುಗಿದುಹೋಗುತ್ತಿತ್ತು. ಬೆಳಕಿಗೆ ಜೋರು ಕೊಡುವ ಪೆಟ್ಟಿಗೆ ಒಂದಿತ್ತು, ಆಂಪ್ಲಿಫೈಯರ್ ಅನ್ನುತ್ತಿದ್ದರು. ಅದೂ ನಮ್ಮದಲ್ಲ, ದೂರದ ದೊಡ್ಡ ಸಂಸ್ಥೆಯೊಂದರಿಂದ ಎರವಲು ತಂದದ್ದು. ಎರಡು ವಾರ ಇಟ್ಟುಕೊಳ್ಳಿ, ಶನಿವಾರ ಮಧ್ಯಾಹ್ನ ಎರಡಕ್ಕೆ ಗಾಡಿ ಕಳಿಸುತ್ತೇವೆ ಎಂದು ಅವರು ಮೊದಲೇ ಹೇಳಿದ್ದರು. ಅಷ್ಟರೊಳಗೆ ಒಂದಾದರೂ ಚಿಪ್ ಕೆಲಸ ಮಾಡಿ ತೋರಿಸಬೇಕು. ಇಲ್ಲದಿದ್ದರೆ ಮೇಡಂ ನಾಲ್ಕು ವರ್ಷ ಮಾಡಿದ್ದೆಲ್ಲ ಕಾಗದದಲ್ಲೇ ಉಳಿಯುತ್ತಿತ್ತು.

ನಾನು ಆ ಲ್ಯಾಬಿನಲ್ಲಿ ಕಸ ಹೊಡೆಯುವವಳು. ಬಸವನ ಬಾಗೇವಾಡಿಯ ಹೊರಗೆ, ಹೊಲಗಳ ನಡುವೆ ಇರುವ ಕಾಲೇಜು. ಚಿಪ್‌ಗೆ ಬೆಳಕು ಒಯ್ಯುವ, ಕೂದಲಿನಂಥ ಗಾಜಿನ ಎಳೆ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ಕಣ್ಣಿನಿಂದ. ಹುಟ್ಟಿದಾಗಿನಿಂದ ನನಗೆ ದೂರದ್ದು ಕಾಣುವುದಿಲ್ಲ. ಹೊರ್ತಿಯ ಶಾಲೆಯಲ್ಲಿ ಹಲಗೆಯ ಮೇಲೆ ಬರೆದದ್ದು ಕಾಣದೆ, ಇವಳಿಗೆ ತಲೆ ಇಲ್ಲ ಎಂದು ಎರಡನೇ ಇಯತ್ತೆಗೇ ಬಿಡಿಸಿದರು. ಮೂಗಿನ ಹತ್ತಿರ ಹಿಡಿದದ್ದು ಮಾತ್ರ ಇರುವೆಯ ಕಾಲೂ ಬಿಡದೆ ಕಾಣುತ್ತದೆ. ಕೈ ಪಳಗಿದ್ದು ಬೀಜದ ಹತ್ತಿಯ ಹೊಲದಲ್ಲಿ. ಮೊಗ್ಗು ಬಿಡಿಸಿ, ಒಳಗಿನ ಕೇಸರ ಒಂದೂ ಉಳಿಯದಂತೆ ಉಗುರಿನಿಂದ ತೆಗೆದು, ನಡುವಿನ ಕಡ್ಡಿಗೆ ಪೆಟ್ಟಾಗದಂತೆ ನೋಡಿಕೊಳ್ಳುವ ಕ್ರಾಸಿಂಗ್ ಕೆಲಸ. ಒಂದು ದಿನ ಮೇಡಂ ಮೂರು ಎಳೆ ಮುರಿದು ನಾಲ್ಕನೆಯದನ್ನು ಕೈಗೆ ತೆಗೆದುಕೊಂಡಾಗ ನಾನು ಕಸಬರಿಗೆ ಬದಿಗಿಟ್ಟು, "ಕೊಡ್ರಿ ಇಲ್ಲೆ" ಅಂದೆ. ಅಂದಿನಿಂದ ಅದು ನನ್ನ ಕೆಲಸವಾಯಿತು. ಮಹಿಳಾ ಸಂಘದ ಠರಾವು ಬರೆಯುತ್ತ ಬರೆಯುತ್ತ ಅಕ್ಷರ ಕೂಡಿಸಲು ಕಲಿತಿದ್ದೆ, ಹಾಗಾಗಿ ಲ್ಯಾಬಿನ ದಿನದ ವಹಿಯೂ ನನ್ನ ಕೈಗೇ ಬಂತು.

ಆ ಚಿಪ್ ಏನು ಮಾಡುತ್ತದೆ ಎಂದು ಮೇಡಂ ನನಗೆ ಒಮ್ಮೆ ಕೂರಿಸಿಕೊಂಡು ಹೇಳಿದ್ದರು. ಫೋನಿನ ಮಾತು, ಚಿತ್ರ ಎಲ್ಲ ಗಾಜಿನ ಎಳೆಯಲ್ಲಿ ಬೆಳಕಾಗಿ ಓಡುತ್ತವೆ. ದಾರಿಯಲ್ಲಿ ಒಂದು ಬಣ್ಣದ ಬೆಳಕಿನಿಂದ ಇನ್ನೊಂದಕ್ಕೆ ಸುದ್ದಿ ದಾಟಿಸಬೇಕಾದರೆ ಬೆಳಕನ್ನು ಕರೆಂಟ್ ಮಾಡಬೇಕು, ಕರೆಂಟನ್ನು ತಿರುಗಿ ಬೆಳಕು ಮಾಡಬೇಕು. ಈ ಚಿಪ್‌ನಲ್ಲಿ ಆ ದಾಟುವಿಕೆ ಬೆಳಕಿನಲ್ಲೇ ಆಗುತ್ತದೆ. ಸಿಲಿಕಾನ್‌ನಲ್ಲಿ ಕೊರೆದ ಸಣ್ಣ ಕಾಲುವೆಯಲ್ಲಿ ಎರಡು ಬೆಳಕು ಕೂಡಿ ಹೋಗುತ್ತವೆ, ಒಂದು ಜೋರಿನದು, ಒಂದು ಸುದ್ದಿ ಹೊತ್ತದ್ದು. ಎಲ್ಲ ಸರಿಯಿದ್ದರೆ ಒಳಗೆ ಮೂರನೆಯ ಬೆಳಕು ಹುಟ್ಟುತ್ತದೆ, ಬೇರೆ ಬಣ್ಣದ್ದು, ಅದೇ ಸುದ್ದಿ ಹೊತ್ತುಕೊಂಡು. ಮೂರೂ ಕಣ್ಣಿಗೆ ಕಾಣುವ ಬೆಳಕಲ್ಲ. ಪರದೆಯ ಮೇಲೆ ಗೂಟ ನಿಂತ ಹಾಗೆ ಕಾಣುತ್ತವೆ, ಅಷ್ಟೇ.

ಮೊದಲನೆಯ ಚಿಪ್ ಕೆಟ್ಟದ್ದು ಸೋಮವಾರ. ಎಳೆಯ ಮೇಲಿನ ಪದರ ಸುಲಿದು, ಸ್ಪಿರಿಟ್ ಹಚ್ಚಿ ಒರೆಸಿ, ತುದಿಯನ್ನು ನೇರ ಕತ್ತರಿಸಿ, ಹಿಡಿಕೆಯಲ್ಲಿ ಕೂರಿಸಿ, ತುಸು ಓರೆಯಾಗಿ ಚಿಪ್‌ನ ಮೇಲೆ ಇಳಿಸಬೇಕು. ಚಿಪ್ ಹಾದು ಬಂದ ಬೆಳಕನ್ನು ಅಳೆಯುವ ಮೀಟರು ಮೊದಲು ಮೈನಸ್ ನಲವತ್ತು ತೋರಿಸುತ್ತದೆ. ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ, ಅದನ್ನು ತಲೆಗೆ ತುಂಬಿಕೊಳ್ಳಲು ನನಗೆ ಒಂದು ತಿಂಗಳು ಬೇಕಾಯಿತು. ತಿರುಪನ್ನು ಕೂದಲೆಳೆಯಷ್ಟು ತಿರುವುತ್ತ ಮೈನಸ್ ಹತ್ತಕ್ಕೆ ತಂದರೆ ಎಳೆ ಕಾಲುವೆಯ ಬಾಯಿಗೆ ಸರಿಯಾಗಿ ಕೂತಿದೆ ಎಂದು ಅರ್ಥ. ಆಗ ಸೂಜಿಯ ಮೊನೆಯಿಂದ ಅಂಟು ಬಿಟ್ಟು, ನೀಲಿ ದೀಪ ಹಿಡಿದು ಗಟ್ಟಿ ಮಾಡಬೇಕು. ನಾನು ಅಂಟು ಜಾಸ್ತಿ ಬಿಟ್ಟೆ. ಅದು ಗಟ್ಟಿಯಾಗುತ್ತ ಎಳೆಯನ್ನು ಬದಿಗೆ ಎಳೆದುಕೊಂಡಿತು. ಮೈನಸ್ ಹತ್ತು ಮೈನಸ್ ಮೂವತ್ತಾಯಿತು. ಒಮ್ಮೆ ಗಟ್ಟಿಯಾದದ್ದು ಬಿಡುವುದಿಲ್ಲ, ಆ ಚಿಪ್ ಮುಗಿಯಿತು. ಅದು ಕೈತಪ್ಪು, ಕಾರಣ ಗೊತ್ತಿತ್ತು, ವಹಿಯಲ್ಲಿ ಬರೆದೆ.

ಎರಡನೆಯದನ್ನು ಗುರುವಾರ ಮುಂಜಾನೆ ಜೋಡಿಸಿದೆ. ಮುಂಜಾನೆ ವೋಲ್ಟೇಜ್ ನೆಟ್ಟಗಿರುತ್ತದೆ, ರಸ್ತೆಯಲ್ಲಿ ಲಾರಿ ಕಡಿಮೆ. ಅಂಟು ಸರಿಯಾಗಿ ಕೂತಿತು, ಮೈನಸ್ ಹತ್ತಕ್ಕೆ ನಿಂತಿತು. ಮೇಡಂ ಜೋರಿನ ಬೆಳಕನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿದರು. ಒಂದು, ಎರಡು, ಮೂರು, ನಾಲ್ಕು. ಐದನೆಯದಕ್ಕೆ ಮೀಟರು ಒಮ್ಮೆಲೇ ಕುಸಿಯಿತು. ಕ್ಯಾಮೆರಾದಲ್ಲಿ ನೋಡಿದರೆ ಎಳೆಯ ತುದಿಯಲ್ಲಿ ಕರಿ ಚುಕ್ಕೆ. ಅಂಟು ಸುಟ್ಟಿತ್ತು, ಅದರ ಕೆಳಗಿನ ಕಾಲುವೆಯ ಬಾಯಿಯೂ ಸುಟ್ಟಿತ್ತು.

ಲ್ಯಾಬಿನ ಯಂತ್ರಗಳನ್ನು ನೋಡಿಕೊಳ್ಳುವ ಟೆಕ್ನಿಷಿಯನ್ ಮುದ್ದೇಬಿಹಾಳದಿಂದ ದಿನಾ ಬಸ್ಸಿಗೆ ಬರುವವನು. ನಲವತ್ತು ದಾಟಿದವನಾದರೂ ಬಾಯಿ ಬಹಳ. ಅವನೇ ಹೇಳಿದ, "ಧೂಳ ಸಿಕ್ಕೊಂಡೈತ್ರಿ ಮೇಡಂ. ಜೋರ್ ಬೆಳಕಿಗೆ ಒಂದ ಕಣ ಧೂಳ ಸಾಕು, ಕಾದು ಕೆಂಡ ಆಗ್ತೈತಿ."

"ಇಷ್ಟು ಒರಸಿದ್ರೂ ಎಲ್ಲಿಂದ ಬರ್ತೈತ್ರಿ ಧೂಳು?" ಮೇಡಂ ಕೇಳಿದರು.

ಅವನು ಕಿಟಕಿಯ ಕಡೆ ಕೈ ಮಾಡಿದ. ಕಾಂಪೌಂಡಿನ ಆಚೆಯ ಹೊಲದಲ್ಲಿ ತೊಗರಿ ಒಕ್ಕುವ ರಾಶಿ ನಡೆದಿತ್ತು. ಮಶಿನ್ನಿನ ಬಾಯಿಯಿಂದ ಹೊಟ್ಟು ಮೋಡದ ಹಾಗೆ ಎದ್ದು ನಮ್ಮ ಗೋಡೆಗೇ ಬಡಿಯುತ್ತಿತ್ತು. ಕಿಟಕಿಗಳಿಗೆ ಟೇಪು ಬಡಿದಿದ್ದೆವು, ಆದರೂ ಬಾಗಿಲು ತೆಗೆಯದೆ ಇರಲಾಗುತ್ತದೆಯೇ? ಮೂವರಿಗೂ ಒಪ್ಪಿಗೆಯಾಯಿತು. ನಾನು ವಹಿಯಲ್ಲಿ ಬರೆದೆ: ಎರಡನೇ ಚಿಪ್ ಸುಟ್ಟಿತು, ಕಾರಣ ಹೊಲದ ಧೂಳು.

ಕೂದಲು, ಧೂಳು ಬೀಳದಂತೆ ಲ್ಯಾಬಿನಲ್ಲಿ ಎಲ್ಲರೂ ಟೋಪಿ ಹಾಕಬೇಕು. ಹೋಗುವಾಗ ಟೆಕ್ನಿಷಿಯನ್ ನನ್ನ ತಲೆ ನೋಡಿ, "ಆಯಿ, ಟೋಪಿ ಹುಬ್ಬಿನ ತನಕ ಎಳಕೋರಿ, ಹಿಂದ ಸರಿಸಿರಲ್ಲ" ಅಂದ.

"ನಿನ್ನ ಟೋಪಿ ನೀ ನೋಡ್ಕೋ. ಎಡಗಡೆ ಕಿವಿ ಹೊರಗೈತಿ" ಅಂದೆ. ಅವನು ಕಿವಿ ಒಳಗೆ ಹಾಕಿಕೊಂಡ. ಮಾತು ಅಲ್ಲಿಗೇ ಮುಗಿಯಿತು.

ಹೊಲದವನಿಗೆ ಹೇಳುವ ಕೆಲಸ ನನಗೆ ಬಂತು. ಅವನ ತಾಯಿ ನನ್ನ ಸರೀಕಳು, ಅವನನ್ನು ಚಡ್ಡಿಯಿಲ್ಲದಾಗಿನಿಂದ ನೋಡಿದ್ದೇನೆ. ಶನಿವಾರ ಹೋದಾಗ ಅವನು ಬಣವೆಯ ನೆರಳಲ್ಲಿ ರೊಟ್ಟಿ ತಿನ್ನುತ್ತಿದ್ದ.

"ಬಾ ಬೇ ಆಯಿ, ರೊಟ್ಟಿ ತಿನ್ನು."

"ರೊಟ್ಟಿ ಆಮ್ಯಾಲ. ರಾಶಿ ನಿಲ್ಲಸು."

"ಏನಂದಿ?"

"ಒಂದು ವಾರ. ನಿನ್ನ ಹೊಟ್ಟು ನಮ್ಮ ಚಿಪ್ ಸುಟ್ಟೈತಿ."

ಅವನು ರೊಟ್ಟಿ ಅಲ್ಲೇ ಇಟ್ಟ. "ನನ್ನ ಹೊಟ್ಟು ದನಾ ತಿಂತಾವು, ಏನೂ ಆಗೂದಿಲ್ಲ. ನಿಮ್ಮ ಚಿಪ್ಪೇನು ದನಕ್ಕಿಂತ ನಾಜೂಕ?"

"ಹೌದು. ಬಾಳ ನಾಜೂಕ."

"ಮಶಿನ್ ಬಿಟ್ಟ ಕಳಿಸಿದ್ರ ಅದು ಸಿಂದಗಿ ಕಡಿ ಹೋಗ್ತೈತಿ. ಮತ್ತ ಯಾವಾಗ ಬರ್ತೈತೋ ಶಿವನೇ ಬಲ್ಲ. ಅಲ್ಲೀ ತನಕ ಈ ಬಣಿವಿ ಯಾರ ಕಾಯ್ಬೇಕು? ನೀ ಕಾಯ್ತೀ?"

"ನೀನ ಕಾಯಿ. ಆ ಹುಡುಗಿದು ನಾಕ ವರ್ಷದ ಕೆಲಸ. ಯಂಕಂಚಿ ಊರಿನ ಮಗಳು, ಹೊರಗಿನಾಕಿ ಅಲ್ಲ."

ಅವನು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟ. ಕೊನೆಗೆ ಎದ್ದು ಮಶಿನ್ನಿನವನ ಹತ್ತಿರ ಹೋದ. ಅವರಿಬ್ಬರೂ ಜಗಳಾಡಿದ್ದು ನನಗೆ ಕೇಳಿಸಿತು, ಮುಖ ಕಾಣಲಿಲ್ಲ. ಮಶಿನ್ ಹೋಯಿತು. ಉಳಿದ ತೊಗರಿಯ ಮೇಲೆ ಅವನು ತಾಡಪತ್ರಿ ಹೊದಿಸಿದ.

ನಾಲ್ಕು ದಿನ ಕೋಣೆಯನ್ನು ಮೂಲೆ ಮೂಲೆ ಒರೆಸಿದೆ. ಬುಧವಾರ ಮುಂಜಾನೆ ಹನ್ನೊಂದಕ್ಕೆ ಮೂರನೆಯ ಚಿಪ್ ಜೋಡಿಸಿ ಮುಗಿಸಿದೆ. ಮೈನಸ್ ಒಂಬತ್ತೂವರೆ, ಅಲ್ಲಿಯವರೆಗಿನ ಎಲ್ಲಕ್ಕಿಂತ ಒಳ್ಳೆಯದು. ಮೇಡಂ ಮೆಟ್ಟಿಲು ಏರಿಸುತ್ತ ಹೋದರು. ನಾಲ್ಕು ದಾಟಿತು. ಐದು ದಾಟಿತು. ಪರದೆಯ ಮೇಲೆ ಎರಡು ಗೂಟಗಳ ಪಕ್ಕ ಏನೋ ತಲೆ ಎತ್ತುತ್ತಿರುವ ಹಾಗಿತ್ತು. ಆರಕ್ಕೆ ಸುಟ್ಟಿತು.

ಮೇಡಂ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ಟೆಕ್ನಿಷಿಯನ್ ಆಂಪ್ಲಿಫೈಯರ್ ಆರಿಸಿದ. ಉಳಿದದ್ದು ಒಂದೇ ಚಿಪ್, ಮೂರು ದಿನ.

ಗುರುವಾರ ಅವರಿಬ್ಬರೂ ಚಹಾಕ್ಕೆ ಹೋದಾಗ ನಾನು ವಹಿ ತೆಗೆದು ಮೊದಲಿನಿಂದ ಓದಿದೆ. ನನಗೆ ಓದುವುದು ನಿಧಾನ, ಒಂದೊಂದೇ ಸಾಲಿನ ಕೆಳಗೆ ಬೆರಳಿಟ್ಟು ಓದಬೇಕು. ಅದಕ್ಕೇ ಕಣ್ಣಿಗೆ ಬಿತ್ತು. ರೂಢಿಗಾಗಿ ಹಳೆಯ ಗಾಜಿನ ತುಂಡಿನ ಮೇಲೆ ಜೋಡಿಸಿದ ಎಳೆಗಳು ಐದಿದ್ದವು. ಐದಕ್ಕೂ ಪೂರ್ತಿ ಜೋರು ಬಿಟ್ಟಿದ್ದೆವು, ಒಂದೂ ಸುಟ್ಟಿರಲಿಲ್ಲ. ಐದೂ ಮಧ್ಯಾಹ್ನ ಮೂರರ ಮೇಲೆ ಮಾಡಿದವು. ರಾಶಿ ಜೋರಾಗಿ ನಡೆಯುತ್ತಿದ್ದ ದಿನಗಳವು. ಸುಟ್ಟ ಎರಡೂ ಮುಂಜಾನೆಯವು.

ಸುಟ್ಟ ಮೂರನೆಯ ಚಿಪ್ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಕರಿ ಚುಕ್ಕೆಯ ಸುತ್ತ, ಗಟ್ಟಿಯಾದ ಅಂಟಿನೊಳಗೆ ಇನ್ನೂ ಕೆಲವು ಕಣ ಸಿಕ್ಕಿಕೊಂಡಿದ್ದವು. ತೊಗರಿಯ ಹೊಟ್ಟು ನನಗೆ ಗೊತ್ತು. ಚಪ್ಪಟೆ ಇರುತ್ತದೆ, ಅಂಚು ಹರಿದಿರುತ್ತದೆ, ಬಣ್ಣ ಕಂದು. ಇವು ಬಿಳಿ. ಪುಡಿ ಪುಡಿ.

ಹಣೆ ತುರಿಸಿತು. ಕೆರೆದುಕೊಂಡೆ. ಬೆರಳ ತುದಿ ಬಿಳಿಯಾಯಿತು.

ದಿನಾ ಸ್ನಾನ ಮಾಡಿ ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡು ಬರುವವಳು ನಾನು. ಟೋಪಿ ಹುಬ್ಬಿನವರೆಗೆ ಎಳೆದರೆ ಅದು ಅಳಿಸಿಹೋಗುತ್ತದೆ ಎಂದು ಹಿಂದೆ ಸರಿಸಿಕೊಳ್ಳುತ್ತಿದ್ದೆ. ಬೇರೆಯವರು ಪರದೆ ನೋಡಿ ಎಳೆ ಜೋಡಿಸುತ್ತಾರೆ. ನಾನು ಮೂಗು ತಾಗುವಷ್ಟು ಬಗ್ಗಿ ಬರಿಗಣ್ಣಿಂದ ನೋಡುತ್ತೇನೆ, ಅಂದರೆ ಹಣೆ ಸರಿಯಾಗಿ ಚಿಪ್‌ನ ಮೇಲೆ. ಮುಂಜಾನೆ ವಿಭೂತಿ ಒಣಗಿ ದಪ್ಪಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಬೆವರಿಗೆ, ಸೆರಗಿಗೆ ಹೋಗಿರುತ್ತದೆ.

ಒಂದು ಗಾಜಿನ ಪಟ್ಟಿಯ ಮೇಲೆ ಬೆರಳು ಕೊಡವಿ ಸುಟ್ಟ ಚಿಪ್‌ನ ಪಕ್ಕಕ್ಕೆ ಇಟ್ಟು ನೋಡಿದೆ. ಎರಡೂ ಒಂದೇ.

ಪಟ್ಟಿಯನ್ನು ಒರೆಸಿಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಟೋಪಿ ಸುಮ್ಮನೆ ಮುಂದೆ ಎಳೆದುಕೊಂಡು ನಾಲ್ಕನೆಯದನ್ನು ಜೋಡಿಸಬಹುದಿತ್ತು. ತಪ್ಪು ಹೊಲದವನ ಹೆಸರಿಗೆ ಆಗಲೇ ಬರೆದಾಗಿತ್ತು, ನನ್ನದೇ ಅಕ್ಷರದಲ್ಲಿ. ಇದೆಲ್ಲ ನನ್ನ ತಲೆಗೆ ಬಂತು, ಬರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೆ ನಾಲ್ಕನೆಯದನ್ನು ಯಾರು ಜೋಡಿಸಬೇಕೆಂದು ಗೊತ್ತು ಮಾಡುವವರು ಮೇಡಂ, ಅವರಿಗೆ ಗೊತ್ತಿರಬೇಕಾದದ್ದು ಇದು. ಪಟ್ಟಿ ಅಲ್ಲೇ ಬಿಟ್ಟೆ. ಅವರು ಚಹಾ ಮುಗಿಸಿ ಬಂದಾಗ, "ಇಲ್ಲಿ ನೋಡ್ರಿ. ಧೂಳು ನಂದು" ಅಂದೆ.

ಮೇಡಂ ನೋಡಿದರು. ಎರಡು ಸಲ ನೋಡಿದರು. ಆಮೇಲೆ ನನ್ನ ಕಡೆ ತಿರುಗದೆ ಹೇಳಿದರು, "ನನಗ ಅನುಮಾನ ಬಂದಿತ್ತು ಆಯಿ. ಟೋಪಿ ಹಿಂದ ಐತಿ ಅಂತ ನೋಡಿದ್ದೆ. ನಿಮ್ಮ ಹಣಿ ಮ್ಯಾಲಿಂದು ಒರಸ್ಕೋರಿ ಅನ್ನಾಕ ನನಗ ಬಾಯಿ ಬರ್ಲಿಲ್ಲ."

ಆಗ ನನಗೆ ಸಿಟ್ಟು ಬಂತು. "ಬಾಯಿ ಬರ್ಲಿಲ್ಲ ಅಂತ ಎರಡು ಚಿಪ್ ಸುಟ್ರಿ? ಬೈಬೇಕಿತ್ತು. ನಾ ಏನು ಸಾಯ್ತಿದ್ನ್ಯಾ?"

"ನಾ ಅಂದಿದ್ನಲ್ಲ ಆಯಿ, ಟೋಪಿ ಎಳಕೋರಿ ಅಂತ" ಎಂದ ಟೆಕ್ನಿಷಿಯನ್.

"ಅಂದಿದ್ದಿ. ನಾ ನಿನ್ನ ಕಿವಿ ಮ್ಯಾಲ ಹಾಕಿದೆ. ಈಗ ಆ ಮಾತು ಬಿಡು, ನಾಕನೇದು ನೀ ಜೋಡಸ್ತೀಯೇನ?"

ಅವನು ಒಂದು ಹೆಜ್ಜೆ ಹಿಂದೆ ಸರಿದ. "ನನ್ನ ಕೈಲೆ ಆಗೂದಿಲ್ರಿ. ಇದೊಂದ ಉಳದೈತಿ, ಕೆಡಿಸಿದ್ರ ಮುಗೀತು."

ಮೇಡಂ ಕೊನೆಯ ಚಿಪ್ ಇದ್ದ ಡಬ್ಬಿಯನ್ನು ನನ್ನ ಮುಂದೆ ಸರಿಸಿದರು. ನನ್ನನ್ನು ಬಿಡಿಸಿದರೂ ನಾನು ಏನೂ ಅನ್ನುತ್ತಿರಲಿಲ್ಲ. "ನೀವ ಮಾಡ್ರಿ ಆಯಿ, ನಾಳೆ ಮುಂಜಾನೆ" ಅಂದರು. "ಆದ್ರ..."

"ಗೊತ್ತಾತು" ಅಂದೆ.

ಶುಕ್ರವಾರ ಸ್ನಾನ ಮುಗಿಸಿ ದೇವರ ಮುಂದೆ ನಿಂತಾಗ ಕೈ ತಾನೇ ವಿಭೂತಿಯ ಕಡೆ ಹೋಯಿತು. ಹಿಂದೆ ತೆಗೆದೆ. ಗಂಡ ಸತ್ತ ದಿನ ಹಣೆಯ ಕುಂಕುಮ ಬೇರೆಯವರು ಅಳಿಸಿದ್ದರು, ವಿಭೂತಿ ಉಳಿದಿತ್ತು. ಈ ಶುಕ್ರವಾರ ಅದನ್ನು ನಾನೇ ಬಿಟ್ಟೆ. ಸೊಸೆ ನೋಡಿ, "ಅತ್ತಿ, ಹಣಿ ಬರಿದ ಐತ್ರಿ" ಅಂದಳು.

"ಹೌದು, ಇರ್ಲಿ" ಅಂದು ಹೊರಟೆ.

ಲ್ಯಾಬಿನಲ್ಲಿ ಎರಡು ಸಲ ಸಾಬೂನು ಹಚ್ಚಿ ಮುಖ ತೊಳೆದು, ಟೋಪಿಯನ್ನು ಹುಬ್ಬಿನವರೆಗೆ ಎಳೆದು, ಅಂಚಿಗೆ ಟೇಪು ಹಚ್ಚಿಸಿಕೊಂಡೆ. ಮೂಗು ಬಾಯಿಗೆ ಬಟ್ಟೆ. ಎಳೆ ಸುಲಿದೆ, ಒರೆಸಿದೆ, ಕತ್ತರಿಸಿದೆ. ತುದಿ ಸೂಕ್ಷ್ಮದರ್ಶಕದಲ್ಲಿ ಕನ್ನಡಿಯಂತಿತ್ತು. ಇಳಿಸಿದೆ. ಮೈನಸ್ ನಲವತ್ತು, ಮೂವತ್ತೆರಡು, ಹತ್ತೊಂಬತ್ತು. ಮೈನಸ್ ಹತ್ತಕ್ಕೆ ಬಂದಾಗ ಉಸಿರು ಹಿಡಿದು ಅಂಟು ಬಿಟ್ಟೆ, ಸಾಸಿವೆಯ ಕಾಲುಭಾಗದಷ್ಟು. ಮೇಡಂ ನೀಲಿ ದೀಪ ಹಿಡಿದರು. ಹತ್ತು ಸೆಕೆಂಡ್ ದೀಪ, ಮೀಟರು ನೋಡುವುದು, ಮತ್ತೆ ಹತ್ತು ಸೆಕೆಂಡ್.

ಆರನೆಯ ಸಲಕ್ಕೆ ಕರೆಂಟ್ ಹೋಯಿತು.

ದೀಪ ಆರಿತು, ಏಸಿ ನಿಂತಿತು. ಅಳೆಯಲು ಬಿಡುವ ಸಣ್ಣ ಬೆಳಕಿಗೂ ಮೀಟರಿಗೂ ಮಾತ್ರ ಬ್ಯಾಟರಿ ಇತ್ತು. ಅಂಟು ಅರ್ಧ ಗಟ್ಟಿ. ಕೋಣೆ ನಿಧಾನ ಕಾಯತೊಡಗಿತು, ಅದರ ಜೊತೆಗೇ ಮೀಟರು ಇಳಿಯತೊಡಗಿತು. ಹನ್ನೊಂದು. ಹನ್ನೆರಡು. ಹನ್ನೆರಡೂವರೆ. ಟೆಕ್ನಿಷಿಯನ್ ಜನರೇಟರ್ ಕಡೆ ಓಡಿದ.

"ಆಯಿ, ತಿರುಪು ಸ್ವಲ್ಪ ತಿರುವ್ರಿ. ಎಳಿ ಸರಿಯಾಕತ್ತೈತಿ" ಮೇಡಂ ಕೂಗಿದರು.

ನನ್ನ ಬೆರಳು ತಿರುಪಿನ ಮೇಲೇ ಇತ್ತು. ಹನ್ನೆರಡೂವರೆ ಹದಿಮೂರಾಯಿತು. ತಿರುವಿದ್ದರೆ ಮೀಟರು ಆ ಕ್ಷಣಕ್ಕೆ ಏರುತ್ತಿತ್ತು. ಆದರೆ ಅರ್ಧ ಗಟ್ಟಿಯಾದ ಅಂಟು ಅಲುಗಿದರೆ ಒಳಗೇ ಹರಿಯುತ್ತದೆ, ಮತ್ತೆ ಕೂಡುವುದಿಲ್ಲ. ಸರಿದದ್ದು ಎಳೆಯಾಗಿದ್ದರೆ ಸರ್ರನೆ ಹೋಗಬೇಕಿತ್ತು. ಇದು ನಿಧಾನ ಹೋಗುತ್ತಿತ್ತು, ಕೋಣೆ ಕಾದಂತೆ ಹೋಗುತ್ತಿತ್ತು. ಬಿಸಿಗೆ ಕಬ್ಬಿಣದ ಹಿಡಿಕೆ ಹಿಗ್ಗಿದೆ, ತಂಪಾದರೆ ಕುಗ್ಗುತ್ತದೆ ಎಂದು ನನಗನ್ನಿಸಿತು. ಖಾತ್ರಿ ಇರಲಿಲ್ಲ. ಬೆರಳು ತೆಗೆದು ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡೆ.

"ತಿರುವೂದಿಲ್ಲ" ಅಂದೆ.

"ಆಯೀ!"

"ನೀವೂ ಮುಟ್ಟಬ್ಯಾಡ್ರಿ."

ಜನರೇಟರ್ ಗುರುಗುಟ್ಟುವಷ್ಟರಲ್ಲಿ ಮೀಟರು ಮೈನಸ್ ಹದಿನಾಲ್ಕಕ್ಕೆ ಹೋಗಿತ್ತು. ಏಸಿ ಶುರುವಾಯಿತು. ಸ್ವಲ್ಪ ಹೊತ್ತು ಅಂಕಿ ಅಲ್ಲೇ ನಿಂತಿತು. ಮೇಡಂ ನನ್ನ ಪಕ್ಕದ ಸ್ಟೂಲಿನ ಮೇಲೆ ದೀಪ ಹಿಡಿದುಕೊಂಡೇ ಕೂತಿದ್ದರು, ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಹದಿಮೂರೂವರೆ. ಹದಿಮೂರು. ಹನ್ನೆರಡು. ಮುಕ್ಕಾಲು ತಾಸಿನ ಮೇಲೆ ಹತ್ತೂವರೆಗೆ ಬಂದು ನಿಂತಿತು. ಆಗ ದೀಪ ಹಿಡಿದು ಉಳಿದ ಅಂಟನ್ನು ಗಟ್ಟಿ ಮಾಡಿದೆವು. ಬೆಳಕು ಹೊರಗೆ ತರುವ, ಅಲ್ಲಿಯವರೆಗೆ ಹಿಡಿಕೆಯಲ್ಲೇ ನಿಲ್ಲಿಸಿದ್ದ ಇನ್ನೊಂದು ಎಳೆಯನ್ನು ಆಮೇಲೆ ಅದೇ ರೀತಿ ಕೂರಿಸಿದೆ, ಅದೇನೂ ತಂಟೆ ಮಾಡಲಿಲ್ಲ.

ಶನಿವಾರ ಮುಂಜಾನೆ ಮೇಡಂ ಮೊದಲ ಮೆಟ್ಟಿಲು ಏರಿಸಿದಾಗ ಹತ್ತೂವರೆ ಗಂಟೆ. ಒಂದೊಂದು ಮೆಟ್ಟಿಲಿಗೂ ಅರ್ಧ ತಾಸು ಕಾದರು. ಐದನೆಯದು ದಾಟಿತು. ಗಾಡಿ ಆಗಲೇ ಬಂದು ಹೊರಗೆ ನಿಂತಿತ್ತು, ಡ್ರೈವರ್ ಬಾಗಿಲಲ್ಲಿ ಇಣುಕಿ, "ಎರಡಕ್ಕ ಹೊಂಡಬೇಕ್ರೀ" ಅಂದ. ಮೇಡಂ ಮುಂದಿನ ಮೆಟ್ಟಿಲು ಏರಿಸಿದರು. ಆರು. ನನ್ನ ಕಣ್ಣಿಗೆ ಪರದೆ ದೂರವಾಗಿತ್ತು, ನಾನು ಎಳೆಯ ತುದಿಯನ್ನೇ ನೋಡುತ್ತಿದ್ದೆ. ಕರಿ ಆಗಲಿಲ್ಲ. ಏಳು.

"ಬಂತು" ಅಂದ ಟೆಕ್ನಿಷಿಯನ್. ಜೋರಾಗಿ ಅನ್ನಲಿಲ್ಲ.

ಎದ್ದು ಹೋಗಿ ಪರದೆಗೆ ಮೂಗು ಹಚ್ಚಿ ನೋಡಿದೆ. ಎರಡು ಎತ್ತರದ ಗೂಟ, ಅವುಗಳ ಬದಿಗೆ, ಬುಡದಲ್ಲಿ ಹುಲ್ಲಿನ ಹಾಗೆ ಹಬ್ಬಿದ ಸಣ್ಣ ಗೆರೆಗಳಿಂದ ಸ್ವಲ್ಪವೇ ಮೇಲೆದ್ದ ಒಂದು ಮೊಳಕೆ. ಸುದ್ದಿಯ ಬೆಳಕನ್ನು ಆರಿಸಿದರೆ ಅದೂ ಹೋಗುತ್ತಿತ್ತು, ಹಚ್ಚಿದರೆ ಬರುತ್ತಿತ್ತು. ಮೇಡಂ ಮೂರನೆಯ ಬೆಳಕನ್ನಷ್ಟೇ ಸೋಸಿ ತೆಗೆದು, ಅದರೊಳಗಿನ ಸುದ್ದಿಯನ್ನು ಕಳಿಸಿದ್ದರ ಜೊತೆ ತಾಳೆ ನೋಡಿದರು. ಎಲ್ಲವನ್ನೂ ಮೂರು ಸಲ ತೆಗೆದು ಇಟ್ಟುಕೊಂಡರು. ಎರಡು ಗಂಟೆ ಹತ್ತು ನಿಮಿಷಕ್ಕೆ ಆಂಪ್ಲಿಫೈಯರ್ ಡಬ್ಬಿಯೊಳಗೆ ಹೋಯಿತು. ಡ್ರೈವರ್ ಹತ್ತು ನಿಮಿಷಕ್ಕೆ ಗೊಣಗಿದ, ಟೆಕ್ನಿಷಿಯನ್ ಅವನಿಗೆ ಚಹಾ ಕುಡಿಸಿದ. ಮೇಡಂ ನನ್ನ ಕೈ ಹಿಡಿದು ಏನೋ ಹೇಳಲು ಹೋದರು. "ಅಳಬ್ಯಾಡ್ರಿ, ಚಿಪ್ ಮ್ಯಾಲೆ ನೀರ ಬೀಳ್ತಾವು" ಅಂದೆ. ನಕ್ಕರು.

ಹೋಗುವ ಮುಂಚೆ ವಹಿ ತೆಗೆದು, ಹೊಲದ ಧೂಳು ಎಂದು ಬರೆದಿದ್ದಕ್ಕೆ ಗೆರೆ ಎಳೆದೆ. ಬದಿಗೆ ಬರೆದೆ: ಕಾರಣ ನನ್ನ ಹಣೆಯ ವಿಭೂತಿ, ಟೋಪಿ ಹಿಂದಿತ್ತು.

ಭಾನುವಾರ ಹಣೆಗೆ ಮೂರು ಬೆರಳು ದಪ್ಪಗೆ ಎಳೆದುಕೊಂಡು ಹೊಲಕ್ಕೆ ಹೋದೆ. ಮಶಿನ್ ಸಿಂದಗಿಯಿಂದ ತಿರುಗಿ ಬಂದಿತ್ತು. ಹೊಲದವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವನು ನನ್ನ ಹಣೆ ನೋಡಿದ, ಬಣವೆ ನೋಡಿದ. "ಅಂದ್ರ ನಾ ಒಂದು ವಾರ ಬಣಿವಿ ಕಾಯ್ದದ್ದು ನಿನ್ನ ಹಣಿ ಸಲುವಾಗಿ?"

"ಹೌದು."

"ನನ್ನ ಹೊಟ್ಟು ಏನೂ ಮಾಡಿರ್ಲಿಲ್ಲ?"

"ಇಲ್ಲ."

"ಹಂಗಾರ ಏರು ಬಣಿವಿ. ಇವತ್ತಿನ ಆಳು ನೀ."

ಏರಿದೆ. ಸಂಜೆಯವರೆಗೆ ತೊಗರಿ ಕೆಳಗೆ ಕೊಟ್ಟೆ. ಮಶಿನ್ ಹೊಟ್ಟು ಉಗುಳುತ್ತಿತ್ತು, ಗಾಳಿ ನನ್ನ ಕಡೆಗೇ ಇತ್ತು. ಕೆಳಗಿನಿಂದ ಅವನು ಕೂಗಿದ, "ಆಯಿ, ಹಣಿ ಮ್ಯಾಲ ಹೊಟ್ಟು ಕುಂಡ್ರಾಕತ್ತೈತಿ ಬೇ. ಟೋಪಿ ತರಿಸ್ಲೇನು?"

"ಕುಂಡ್ರಲಿ" ಅಂದೆ. "ಇಲ್ಲಿ ಏನೂ ಸುಡೂದಿಲ್ಲ."